ಒಣ ಕೆರೆಯ ಮೀನು

ಎಂಬತ್ತರ ದಶಕದ ಒಂದು ಬೇಸಿಗೆ. ಊರೂರಿನ ಕೆರೆಯಲ್ಲಿ ಮೀನು ಇದೆಯೋ ಇಲ್ಲವೋ ನೋಡಿ ಫಾರಂ ತುಂಬುವ ಕೆಲಸ ನನ್ನದು. ಅಮೃತಹಳ್ಳಿಯ ಆಚೆ ಒಂದು ಸಣ್ಣ ಕೆರೆ ಪೂರ್ತಿ ಒಣಗಿ ಬಿರುಕು ಬಿಟ್ಟಿತ್ತು. ಸೈಕಲ್ಲನ್ನು ಕೆರೆಯ ಮಧ್ಯಕ್ಕೇ ತುಳಿದುಕೊಂಡು ಹೋಗಿ, ಇಳಿಯುವ ಮೊದಲೇ 'ಮೀನು: ಇಲ್ಲ' ಅಂತ ಬರೆದೆ.

ಪಕ್ಕದಲ್ಲೇ ಒಬ್ಬ ಅಜ್ಜಿ ಗುದ್ದಲಿ ಹಿಡಿದು ನೆಲ ಅಗೆಯುತ್ತಿದ್ದರು.

"ಏನ್ ಬರ್ಕೊತಿದ್ದೀಯಪ್ಪಾ?"

"ಮೀನಿಲ್ಲ ಅಂತ, ಅಜ್ಜಿ."

"ಯಾರ್ ಏಳಿದ್ದು?"

"ನೀರೇ ಇಲ್ವಲ್ಲ."

ಅಜ್ಜಿ ಗುಂಡಿಯೊಳಗೆ ತೋಳು ಇಳಿಸಿ, ತಳದ ಹಸಿ ಕೆಸರಿನಿಂದ ಮುದ್ದೆಯಂಥದ್ದೊಂದನ್ನು ತೆಗೆದು ನನ್ನ ಅಂಗೈಗಿಟ್ಟರು. ಮುದ್ದೆ ಬಾಯಿ ತೆರೆಯಿತು. ಕೊರಮೀನು.

"ಮಳೆ ಬರೋಗಂಟ ಇಂಗೇ ಮಣ್ಣೊಳ್ಗೆ ಇರ್ತವೆ. ಇದಿನ್ನೂ ಚಿಕ್ಕದು, ಕೊಡಿಲ್ಲಿ" ಅಂದು ಅದನ್ನು ವಾಪಸ್ ಇಟ್ಟು, ಮೇಲೆ ಹಸಿ ಮಣ್ಣನ್ನೇ ಎಳೆದರು.

ಬರೆದದ್ದನ್ನು ತಿದ್ದಬಹುದಿತ್ತು. ಒಣ ಕೆರೆಯಲ್ಲಿ ಮೀನು ಅಂದರೆ ಸಾಹೇಬರು ನಗುತ್ತಾರೆಂದು ತಿದ್ದಲಿಲ್ಲ. ಏನೂ ಇಲ್ಲದ ಕೆರೆ ಅಂತ ತೀರ್ಮಾನವಾಗಿ, ಕೆಲವು ವರ್ಷಕ್ಕೆ ಅದು ಲೇಔಟ್ ಆಯಿತು. ನಾನೂ ಅಲ್ಲೇ ಒಂದು ಸೈಟು ತಗೊಂಡು ಮನೆ ಕಟ್ಟಿದೆ.

ಅಂಗೈಯಲ್ಲಿ ಆ ಮಿಸುಕಾಟ ಇನ್ನೂ ಇದೆ. ಮೊದಲ ಮಳೆಯ ಮಾರನೇ ಬೆಳಿಗ್ಗೆ ಗೇಟಿನ ಹತ್ತಿರ ನಿಂತ ನೀರಿಗೆ ಬಗ್ಗಿ ತುಂಬ ಹೊತ್ತು ನೋಡುತ್ತೇನೆ.

"ಏನ್ರೀ ಬೀಳಿಸ್ಕೊಂಡ್ರಿ?" ಅಂತ ಹೆಂಡತಿ ಒಳಗಿಂದ ಕೇಳುತ್ತಾಳೆ.

"ಬೀಗದ ಕೈ" ಅನ್ನುತ್ತೇನೆ.

ಪ್ರತಿ ವರ್ಷ ಮಳೆ ಬಂದಾಗಲೇ ಅದು ಯಾಕೆ ಬೀಳುತ್ತದೆ ಅಂತ ಅವಳು ಇಲ್ಲಿಯವರೆಗೆ ಕೇಳಿಲ್ಲ.