ಹಸಿರಾದ ತಟ್ಟೆ

ನನಗೆ ಸಿಟ್ಟು ಬೇಗ ಬರುತ್ತದೆ. ಜಮಖಂಡಿಯ ನಮ್ಮ ಲ್ಯಾಬಿನಲ್ಲಿ ಇದು ಎಲ್ಲರಿಗೂ ಗೊತ್ತು. ಬಾಟಲಿಯ ಮುಚ್ಚಳ ಸಡಿಲಾಗಿದ್ದರೆ, ಚೀಟಿಯ ಮೇಲಿನ ಅಕ್ಷರ ಓದಲು ಬಾರದಿದ್ದರೆ, ಯಾರಾದರೂ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದರೆ ನಾನು ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ಆ ಬೆಳಿಗ್ಗೆ ಬಾಗಿಲ ಹೊರಗೆ ಎಡಗಾಲಿನ ಒಂದೇ ಚಪ್ಪಲಿ ಕಂಡು, "ಇದರ ಜೋಡಿ ಎಲ್ಲೈತ್ರಿ? ಒಂದ ಹಾಕ್ಕೊಂಡ ಒಳಗ ಬಂದೀರೇನು?" ಎಂದು ಜೋರಾಗಿಯೇ ಕೇಳಿದೆ. ಬೆಂಚಿನ ಮೇಲೆ ಕೂತಿದ್ದ ಕುರಿಗಾಹಿ ತನ್ನ ಬಲಗಾಲಿನ ದಪ್ಪ ಬ್ಯಾಂಡೇಜು ತೋರಿಸಿ, "ಇದಕ್ಕ ಚಪ್ಪಲಿ ಹಿಡಸೂದಿಲ್ರಿ ಅಕ್ಕಾರ" ಎಂದ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಸಮೀರವಾಡಿ ಕಡೆ ಕಬ್ಬು ಕಡಿದ ಹೊಲದಲ್ಲಿ ಕುರಿ ಮೇಯಿಸುವಾಗ ಕೂಳೆ ಚುಚ್ಚಿ ಆತನ ಅಂಗಾಲು ಸೀಳಿತ್ತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರಿಂದ ನೋವು ತಿಳಿಯಲಿಲ್ಲ. ಮೂರು ವಾರ ಹಾಗೆಯೇ ಹಿಂಡಿನ ಹಿಂದೆ ನಡೆದಿದ್ದ. ನಮ್ಮ ಆಸ್ಪತ್ರೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಗಾಯ ಯಾವ ಔಷಧಕ್ಕೂ ಜಗ್ಗವಲ್ದು. ಒಳಗ ಏನೈತಿ ಅಂತ ನೀವ ಹೇಳ್ಬೇಕು. ಈ ವಾರದಾಗ ದಾರಿ ಸಿಗಲಿಲ್ಲಂದ್ರ ಪಾದ ತಗೀಬೇಕಾಗತೈತಿ" ಎಂದರು. ಒಂದು ಪಾದವಿಲ್ಲದೆ ಬೀಳಗಿಯಿಂದ ಮುಧೋಳದವರೆಗೆ ಕುರಿ ಅಟ್ಟಿಕೊಂಡು ಹೋಗುವುದು ಹೇಗೆ? ಪಾದ ಹೋದರೆ ಆತನ ಹಿಂಡೂ ಹೋದಂತೆಯೇ.

ಗಾಯದ ಮೇಲೆ ಹತ್ತಿಯ ಕಡ್ಡಿ ಒರೆಸಿ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಗೆರೆ ಎಳೆದು ಇಟ್ಟೆ. ಮರುದಿನ ನೋಡಿದರೆ ತಟ್ಟೆಯ ತುಂಬ ಒಣಗಿದ, ಬೂದು ಬಣ್ಣದ, ಸುಕ್ಕು ಸುಕ್ಕಾದ ಬೆಳೆ. ಸೂಕ್ಷ್ಮದರ್ಶಕದಲ್ಲಿ ಉದ್ದನೆಯ ಕಡ್ಡಿಗಳಂಥ ಜೀವಿಗಳು, ಹೊಟ್ಟೆಯಲ್ಲಿ ಹೊಳೆಯುವ ಬೀಜಾಣು. ಮಣ್ಣಿನಲ್ಲಿ, ಧೂಳಿನಲ್ಲಿ, ಒಣ ಪುಡಿಗಳಲ್ಲಿ ಇರುವ ಜೀವಿ ಅದು. ಪಾದ ಕೊಳೆಸುವ ತಾಕತ್ತು ಅದಕ್ಕೆ ಇರುವುದು ಅಪರೂಪ. ನನ್ನ ಸಿಟ್ಟು ನೆತ್ತಿಗೇರಿತು. ತಟ್ಟೆ ತಯಾರಿಸಿದ ಸಹೋದ್ಯೋಗಿಯನ್ನು ಹಿಡಿದು, ಧೂಳು ಬೀಳಿಸಿ ನನ್ನ ಕೆಲಸ ಕೆಡಿಸಿದ್ದೀಯ ಎಂದು ಬೈದೆ. ಆಕೆ ಅದೇ ದಿನ ಸುರಿದಿಟ್ಟಿದ್ದ, ಏನೂ ಹಚ್ಚದ ಇನ್ನೊಂದು ತಟ್ಟೆ ತಂದು ಮುಂದಿಟ್ಟಳು. ಅದು ಸ್ವಚ್ಛವಾಗಿತ್ತು. ಧೂಳು ಬಂದದ್ದು ಪಾದದಿಂದಲೇ.

ವಾರ್ಡಿಗೆ ಹೋದೆ. ಕುರಿಗಾಹಿಯ ಹೆಂಡತಿ ಬ್ಯಾಂಡೇಜು ಬಿಚ್ಚಿ ಕೂತಿದ್ದಳು. ಗಾಯ ಹಳದಿ, ಆಕೆಯ ಬೆರಳೂ ಹಳದಿ.

"ಏನ್ ಹಚ್ಚಾಕತ್ತೀ ಯವ್ವಾ?"

"ಭಂಡಾರ ರೀ. ನಮ್ಮ ದೇವ್ರು ಬೀರಪ್ಪಂದು. ದಿನಾ ಮುಂಜಾನಿ ಹಚ್ತೀನ್ರಿ. ನಿನ್ನೆ ನಿಮ್ಮ ಹಂತೇಲಿ ಬರೂ ಮುಂದ ಜರಾ ಜಾಸ್ತಿನ ಹಚ್ಚಿದ್ನಿ. ಪರೀಕ್ಷಾ ಛಲೋ ಬರಲಿ ಅಂತ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪರೀಕ್ಷೆ ಚೆನ್ನಾಗಿ ಬರಲಿ ಎಂದು ಹಚ್ಚಿದ ಅರಿಶಿನವೇ ಪರೀಕ್ಷೆಯನ್ನು ಮುಚ್ಚಿಹಾಕಿತ್ತು. ಆದರೆ ಆ ಹಳದಿಯನ್ನು ನಾನೂ ಕಂಡಿದ್ದೆನಲ್ಲ. ಕೀವು ಎಂದುಕೊಂಡು, ಗಾಯ ತೊಳೆಸದೆ ಮೇಲೆ ಮೇಲೆ ಒರೆಸಿದವಳು ನಾನೇ. ನಾನು ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷವಾಗಿತ್ತು. ಆ ಪಾದದ ಒಂದು ದಿನವನ್ನು ನಾನು ಹಾಳು ಮಾಡಿದ್ದೆ.

"ಭಂಡಾರ ಹಣಿಗೆ ಹಚ್ಚು ಯವ್ವಾ, ಗಾಯಕ್ಕ ಬ್ಯಾಡ," ಎಂದೆ. "ಮತ್ತೇನ ಕೊಟ್ಟೀ? ಬೈಯೂದಿಲ್ಲ, ಖರೆ ಹೇಳು."

ಆಕೆ ಚೀಲದಿಂದ ಒಂದು ಇಂಜೆಕ್ಷನ್ ಬಾಟಲಿ ತೆಗೆದಳು. ಅದರ ಮೇಲೆ ಕುರಿ, ದನದ ಚಿತ್ರ. "ಕುರಿಗೆ ಆರಾಮ ಆಗತೈತ್ರಿ. ಕುರಿಗೆ ಹಾಕಿ ಉಳದದ್ದ ಇವರಿಗಿ ಹಾಕ್ತಿದ್ನಿ. ದಿನಾ ಅಲ್ರಿ, ಉಳದ ದಿನ ಅಷ್ಟ."

ಅಂದೇ ಡಾಕ್ಟರು ಗಾಯ ತೊಳೆದು, ಸತ್ತ ಮಾಂಸ ಕೆತ್ತಿ, ಆಳದಿಂದ ಒಂದು ಚೂರು ತೆಗೆದುಕೊಟ್ಟರು. ಅದನ್ನು ಹೊಸ ತಟ್ಟೆಗೆ ಹಚ್ಚಿಟ್ಟು, ಮರುದಿನ ಬೆಳಿಗ್ಗೆ ಮುಚ್ಚಳ ಎತ್ತಿದೆ. ಮೊದಲು ಬಂದದ್ದು ಮಾಗಿದ ದ್ರಾಕ್ಷಿಯ ವಾಸನೆ. ಹಿಂದಿನ ದಿನ ತಿಳಿಹಳದಿಯಾಗಿದ್ದ ತಟ್ಟೆ ನವಿಲುಗರಿಯ ಹಸಿರಾಗಿತ್ತು. ಬೆಳೆಯ ಒಂದು ಚುಕ್ಕೆಯನ್ನು ಪರೀಕ್ಷೆಯ ಕಾಗದಕ್ಕೆ ತಾಗಿಸಿ ಎಣಿಸಿದೆ. ಹತ್ತು ಎನ್ನುವುದರೊಳಗೆ ಕಾಗದ ಕಡುನೇರಳೆಯಾಯಿತು. ಪಾದ ಕೊಳೆಸುತ್ತಿದ್ದ ಜೀವಿ ಇದೇ, ಅನುಮಾನವಿಲ್ಲ. ಎಷ್ಟು ಸಲ ನೋಡಿದ್ದರೂ ಆ ಗಳಿಗೆಯಲ್ಲಿ ಕಾಗದವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡುತ್ತೇನೆ. ಕಣ್ಣಿಗೇ ಕಾಣದ ಒಂದು ಜೀವ ತನ್ನ ಬಣ್ಣ, ತನ್ನ ವಾಸನೆ ತಾನೇ ತಯಾರಿಸಿಕೊಂಡು ತನ್ನ ಗುರುತು ಹೇಳುತ್ತದೆ.

ಕುರಿಯ ಇಂಜೆಕ್ಷನ್ನಿಗೆ ಇದು ಕ್ಯಾರೇ ಅನ್ನುವುದಿಲ್ಲ. ಒಳಗೆ ಬಂದ ಔಷಧವನ್ನು ಹೊರಗೆ ಎತ್ತಿಹಾಕುವ ಪಂಪು ಇದರ ಮೈಯಲ್ಲೇ ಇದೆ. ಆ ಇಂಜೆಕ್ಷನ್ ಮೆತ್ತಗಿನ ಜೀವಿಗಳನ್ನು ಕೊಂದು ಇದಕ್ಕೆ ಜಾಗ ಖಾಲಿ ಮಾಡಿಕೊಟ್ಟಿತ್ತು. ಇನ್ನು ಯಾವುದಕ್ಕೆ ಇದು ಬಗ್ಗುತ್ತದೆ ಎಂದು ನೋಡಬೇಕಿತ್ತು. ಹೊಸ ತಟ್ಟೆಯ ತುಂಬ ಅದನ್ನು ಸವರಿ, ಬೇರೆ ಬೇರೆ ಔಷಧ ಹೀರಿದ ಏಳು ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಟ್ಟೆ. ಔಷಧ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಖಾಲಿ ಉಂಗುರ ಉಳಿಯುತ್ತದೆ.

ಮರುದಿನ ಆರು ಬಿಲ್ಲೆಗಳ ಅಂಚಿಗೇ ಬಂದು ಅದು ಬೆಳೆದಿತ್ತು. ಕೆಲವು ಒಳ್ಳೆಯ ದುಬಾರಿ ಔಷಧಗಳು, ಮಣ್ಣುಪಾಲು. ತಟ್ಟೆ ತಿರುಗಿಸಿದೆ. ಏಳನೆಯದರ ಸುತ್ತ ಅಗಲವಾದ, ಸ್ಪಷ್ಟವಾದ ಖಾಲಿ ಉಂಗುರ. ಸ್ಕೇಲು ಹಿಡಿದು ಮೂರು ಸಲ ಅಳೆದೆ. ಡಾಕ್ಟರಿಗೆ ಫೋನ್ ಮಾಡಿ ಆ ಔಷಧದ ಹೆಸರು ಹೇಳಿದೆ.

ಆಮೇಲೆ ಆ ಹೆಂಗಸನ್ನು ಬಾಗಿಲಿಗೆ ಕರೆದು, ಮುಚ್ಚಿದ ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದೆ. ಇನ್ನೂರು ಕುರಿಗಳಲ್ಲಿ ತನ್ನ ಪ್ರತಿ ಕುರಿಯ ಮುಖ ಗುರುತಿಸುವ ಕಣ್ಣು ಆಕೆಯದು. ಏಳೂ ಬಿಲ್ಲೆಗಳನ್ನು ಒಂದೊಂದಾಗಿ ನೋಡಿದಳು.

"ಕುರಿ ಎಕ್ಕಿ ಗಿಡಾ ಬಿಟ್ಟ ಮೇಯ್ತಾವಲ್ರಿ, ಹಂಗ ಇದೊಂದನ್ನ ಬಿಟ್ಟಾವು."

"ಹೌದ ನೋಡು. ಇದರ ಹತ್ರ ಬಂದ್ರ ಉಳಿಯೂದಿಲ್ಲ."

"ಉಳದ ಆರಕ್ಕ ಅಂಜೂದಿಲ್ಲೇನ್ರಿ?"

"ಇಲ್ಲ."

"ಇದೂ ರೂಢಿ ಆತಂದ್ರ?"

ಹಲವು ವರ್ಷ ನಾನು ರಿಪೋರ್ಟಿನಲ್ಲಿ ಬರೆದು ಕಳಿಸುತ್ತಿದ್ದ ಭಯವನ್ನು ಆಕೆ ಮೂರು ಮಾತಿನಲ್ಲಿ ಕೇಳಿದ್ದಳು. "ಅದಕ್ಕ ಡಾಕ್ಟರ್ ಹೇಳಿದಷ್ಟೂ ದಿನ ಪೂರಾ ಹಾಕಿಸ್ಕೋಬೇಕು, ನಡುವ ಬಿಡಬಾರದು" ಎಂದಷ್ಟೇ ಹೇಳಿದೆ.

ಆತನ ಕಾಲಿನ ಎರಡು ಬೆರಳು ತೆಗೆದರೆಂದು ಕೇಳಿದೆ. ಆಮೇಲೆ ಅವರು ಊರಿಗೆ ಹೋದರು. ನಮ್ಮ ಲ್ಯಾಬಿಗೆ ಬರುವುದು ಸ್ಯಾಂಪಲ್. ಮನುಷ್ಯರು ಏನಾದರು ಎಂಬ ಸುದ್ದಿ ಬರುವುದು ಕಡಿಮೆ.

ಕೆಲವು ತಿಂಗಳ ಮೇಲೆ ಒಂದು ಸೋಮವಾರ ಆಕೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಚಿಕ್ಕ ಬಾಟಲಿ.

"ಕುರಿದ ಕೀವ ರೀ. ಬಾಟ್ಲಿ ಕುದಿಸೀನಿ. ಭಂಡಾರ ಹಚ್ಚೂಕಿಂತ ಮೊದಲ ತಗದೀನಿ. ಯಾವ ಔಷಧ ನಾಟ್ತೈತಿ ನೋಡಿ ಹೇಳ್ರಿ, ಸುಮ್ಮ ಸುಮ್ಮನ ಚುಚ್ಚೂದು ಬ್ಯಾಡ."

ಇಲ್ಲಿ ಪ್ರಾಣಿಗಳದ್ದು ತೆಗೆದುಕೊಳ್ಳುವುದಿಲ್ಲ, ಪಶು ಆಸ್ಪತ್ರೆಗೆ ಹೋಗು ಎನ್ನಲು ಬಾಯಿ ತೆರೆದೆ. ಬಾಟಲಿಯ ಮುಚ್ಚಳ ಬಿಗಿಯಾಗಿತ್ತು. ನಾನೇ ಪಶು ವೈದ್ಯರಿಗೆ ಕಳಿಸಿದರಾಯಿತು ಎಂದುಕೊಂಡು ಕೈ ಚಾಚಿದೆ.

"ನಿಮ್ಮ ಯಜಮಾನ್ರ ಎಲ್ಲ್ಯದಾರು?" ಎಂದೆ. ಕೇಳಲು ಹೆದರಿಕೆಯಾಗಿತ್ತು.

ಆಕೆ ಬೆಂಚಿನ ಕಡೆ ಕೈ ಮಾಡಿದಳು. ನಾನು ಬೆಂಚು ನೋಡುವ ಮೊದಲು ಹೊಸ್ತಿಲ ಆಚೆ ನೋಡಿದೆ. ಆಕೆಯ ಚಪ್ಪಲಿಯ ಪಕ್ಕದಲ್ಲಿ ಕೆಸರು ಮೆತ್ತಿದ ಎರಡು ದೊಡ್ಡ ಚಪ್ಪಲಿಗಳಿದ್ದವು, ಎಡಗಾಲಿನದು ಮತ್ತು ಬಲಗಾಲಿನದು.