ಡಬಲ್ ಟೈಲರ್ ನೀರಿಗಿಳಿದದ್ದು

ಸಿಲಿಂಡರ್ ಹೊತ್ತು ನೀರಿನಡಿ ಮುಳುಗುವುದನ್ನು ಕಲಿಯಲು ಬಂದವರನ್ನು ಸಾಲಾಗಿ ಕೂರಿಸಿ, ನಿಮಗೆ ಈ ಹುಚ್ಚು ಹತ್ತಿದ್ದು ಹೇಗೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕತೆ. ಹಲ್ಲಿನ ಡಾಕ್ಟರಿಗೆ ಯಾರೋ ತೋರಿಸಿದ ಹವಳದ ಫೋಟೊ ಸಾಕಾಯಿತಂತೆ. ಬ್ಯಾಂಕಿನ ಗುಮಾಸ್ತೆಗೆ ಟಿವಿಯಲ್ಲಿ ಕಂಡ ಆಮೆಯೊಂದು ತನ್ನನ್ನೇ ಕರೆದಂತೆ ಅನ್ನಿಸಿತಂತೆ. ಸರದಿ ಡಬಲ್ ಟೈಲರ್‌ಗೆ ಬಂದಾಗ ಅವನು ಟವಲಿನಿಂದ ಕಿವಿ ಒರೆಸಿಕೊಳ್ಳುತ್ತಾ, "ನಾನು ಜಗಳ ಆಡೋಕೆ ಅಂತ ಬಂದೆ" ಎಂದ. ಎಲ್ಲರೂ ನಕ್ಕರು. ಅವನು ಹೇಳಿದ್ದು ಮಾತ್ರ ಅಕ್ಷರಶಃ ನಿಜ. ಬಟ್ಟೆ ಯಾವತ್ತು ಕೊಡುತ್ತೀಯ ಎಂಬ ಒಂದು ವಿಷಯ ಬಿಟ್ಟರೆ ಅವನು ಬೇರೆ ಯಾವುದರಲ್ಲೂ ಸುಳ್ಳು ಹೇಳುವ ಆಸಾಮಿಯಲ್ಲ.

ಅವನ ಅಂಗಡಿ ಎಂದರೆ ಒಂದೇ ಕೋಣೆ. ಬಾಗಿಲಿಗೆ ಎದುರಾಗಿ ಮೆಷಿನ್ನು, ಗೋಡೆಗೆ ತಾಗಿ ಕತ್ತರಿಸುವ ಮೇಜು, ತಂತಿಯ ಮೇಲೆ ಇಸ್ತ್ರಿಯಾಗಿ ತೂಗುವ ಪ್ಯಾಂಟುಗಳು, ಮೂಲೆಯ ಡಬ್ಬದಲ್ಲಿ ಒಂದಕ್ಕೊಂದು ಜೋಡಿಯಾಗದ ಗುಂಡಿಗಳು. ಕತ್ತಿನಲ್ಲಿ ಅಳತೆ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಹಲ್ಲುಗಳ ನಡುವೆ ಐದಾರು ಗುಂಡುಸೂಜಿ. ಆ ಗುಂಡುಸೂಜಿಗಳನ್ನು ಕಚ್ಚಿಕೊಂಡೇ ಅವನು ಗಿರಾಕಿಗಳನ್ನು ಮಾತಾಡಿಸುತ್ತಿದ್ದ, ಗದರುತ್ತಿದ್ದ, ಊರ ಸುದ್ದಿ ಹೇಳುತ್ತಿದ್ದ. ಡಬಲ್ ಎಂಬ ಅಡ್ಡಹೆಸರು ಬಂದದ್ದು ಅವನ ಹೊಲಿಗೆಯಿಂದ. ಒಂದು ಸಾಲು ಹೊಲಿಗೆ ಸಾಕೆನ್ನುವ ಕಡೆಯೂ ಅವನದು ಎರಡು ಸಾಲು. ಸೊಂಟದ ಸುತ್ತಳತೆಯೂ ಹೆಸರಿಗೆ ತಕ್ಕ ಹಾಗೆ ಬೆಳೆದದ್ದು ಆಮೇಲೆ.

"ಮೂವತ್ತೆರಡು ವರ್ಷ ಆಯ್ತು ಸ್ವಾಮಿ. ನಾನು ಹೊಲಿದ ಬಟ್ಟೆ ಒಂದೇ ಒಂದು ವಾಪಸ್ ಬಂದಿಲ್ಲ" ಎನ್ನುವುದು ಅವನ ದಿನನಿತ್ಯದ ಪಾರಾಯಣ. ಸಾಕ್ಷಿಗೆ ಹೆಂಡತಿಯ ನೀಲಿ ಕೋಟು. "ಮದುವೆಯಾದ ವರ್ಷ ಹೊಲಿದದ್ದು. ಇವತ್ತಿಗೂ ಒಂದು ಎಳೆ ಸಡಿಲ ಆಗಿಲ್ಲ. ಬೇಕಾದ್ರೆ ಇವಳನ್ನೇ ಕೇಳಿ." ಹಿಂದಿನ ಸ್ಟೂಲಿನ ಮೇಲೆ ಗುಂಡಿ ಹಾಕುತ್ತಾ ಕೂತಿರುತ್ತಿದ್ದ ಹೆಂಡತಿ ಆಗ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗುತ್ತಿದ್ದಳು. ಸೂಜಿಯಲ್ಲಿ ಅದಾಗಲೇ ದಾರವಿದ್ದರೂ.

ಇಂಥ ಅಂಗಡಿಗೆ ಒಂದು ದಿನ ಸಣಕಲು ಮೈಯ, ಮೆಲುದನಿಯ ಹೆಂಗಸೊಬ್ಬಳು ದಪ್ಪ ರಬ್ಬರಿನಂಥ ಕಪ್ಪು ಉಡುಪೊಂದನ್ನು ತಂದು ಮೇಜಿನ ಮೇಲೆ ಹಾಕಿದಳು. ಕೈಕಾಲು ಎಲ್ಲ ಸೇರಿ ಒಂದೇ ತುಂಡಾಗಿದ್ದ ಉಡುಪು. ಹತ್ತಿರದ ಈಜುಕೊಳದಲ್ಲಿ ಸ್ಕೂಬಾ ಕಲಿಸುವ ಮೇಡಂ ಆಕೆ. ಆ ಸ್ಕೂಬಾ ಶಾಲೆಯಲ್ಲಿದ್ದ ಅತಿ ದೊಡ್ಡ ಸೂಟು ಅದು, ದಪ್ಪ ಮೈಯವರಿಗೆಂದು ಇಟ್ಟದ್ದು. ಬೆನ್ನಿನ ಜಿಪ್ಪು ಕಿತ್ತುಹೋಗಿತ್ತು.

"ಜಿಪ್ ಒಂದು ಬದಲಾಯಿಸಿ ಕೊಟ್ರೆ ಸಾಕು" ಎಂದು ಹೇಳಿ ಆಕೆ ಹೋದಳು.

ಸಾಕು ಎಂದರೆ ಸಾಕು ಮಾಡುವ ಪೈಕಿಯೇ ಇವನು? ಜಿಪ್ಪು ಹಾಕಿದ ಮೇಲೆ ಉಡುಪನ್ನು ತಿರುವಿ ನೋಡಿ ದಂಗಾದ. ಜಿಪ್ಪಿನ ಕೆಳಗೆ ಬೆನ್ನಿನುದ್ದಕ್ಕೂ ಇಳಿದ ಹೊಲಿಗೆ ಹೊರಗಡೆ ಕಾಣುತ್ತಿತ್ತು, ಒಳಗಡೆ ಅದರ ಸುಳಿವೇ ಇರಲಿಲ್ಲ. ಸೂಜಿ ಬಟ್ಟೆಯ ಅರ್ಧದವರೆಗೆ ಮಾತ್ರ ಇಳಿದು ವಾಪಸ್ ಬಂದಿತ್ತು. ಮಿಕ್ಕದ್ದು ಬರೀ ಅಂಟು.

"ನೋಡೇ ಇಲ್ಲಿ, ಕಳ್ಳ ಹೊಲಿಗೆ!" ಎಂದು ಹೆಂಡತಿಗೆ ತೋರಿಸಿದ. "ಅರ್ಧ ಹೊಲಿದು ಕೈ ತೊಳ್ಕೊಂಡಿದ್ದಾರೆ. ಪಾಪ, ಆ ಹೆಣ್ಣುಮಗಳಿಗೆ ಏನು ಗೊತ್ತಾಗತ್ತೆ!"

ಅವತ್ತು ಮಧ್ಯಾಹ್ನವೆಲ್ಲ ಕೂತು, ಇದ್ದುದರಲ್ಲೇ ದಪ್ಪನೆಯ ಸೂಜಿ ಹಾಕಿ, ಆ ಬೆನ್ನಿನುದ್ದಕ್ಕೂ ಈಚೆಯಿಂದ ಆಚೆಗೆ ದಾಟುವಂತೆ ಎರಡು ಸಾಲು ಹೊಲಿದ. ಯಾರೂ ಕೇಳಿರಲಿಲ್ಲ. ಮಜೂರಿ ಕೂಡ ಬೇಡವೆಂದ.

ಹತ್ತು ದಿನಕ್ಕೆ ಮೇಡಂ ಮತ್ತೆ ಬಂದಳು. ಕಂಕುಳಲ್ಲಿ ಅದೇ ಸೂಟು.

"ಕೆಲಸ ತುಂಬಾ ಚೆನ್ನಾಗಿದೆ ಅಣ್ಣ. ಆದ್ರೆ ಹಾಕ್ಕೊಂಡವರೆಲ್ಲ ಬೆನ್ನಿಗೆ ತಣ್ಣಗೆ ನೀರು ಇಳಿಯತ್ತೆ ಅಂತಿದ್ದಾರೆ. ಅದಕ್ಕೇ ವಾಪಸ್ ತಂದೆ."

ವಾಪಸ್. ಆ ಮಾತು ಅಂಗಡಿಯೊಳಗೆ ಬಿದ್ದದ್ದೇ ತಡ, ಟೈಲರ್ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಹಾಗೆ ಅವನು ಬಾಯಿ ಖಾಲಿ ಮಾಡಿಕೊಂಡದ್ದನ್ನು ಹೆಂಡತಿ ನೋಡಿ ವರ್ಷಗಳೇ ಆಗಿದ್ದವು.

"ಕತ್ತಿನಿಂದ ಬಂದಿರತ್ತೆ ನೀರು. ನನ್ನ ಹೊಲಿಗೆಯಿಂದ ಅಲ್ಲ."

"ಸೂಜಿ ದಾಟಿದ ಕಡೆಯೆಲ್ಲ ತೂತು ಆಗತ್ತಲ್ಲ ಅಣ್ಣ..."

"ತೂತಾ? ಎರಡು ಸಾಲು ಹಾಕಿದೀನಿ ಅಮ್ಮ, ಎರಡು ಸಾಲು!"

"ಹಾಗಾದ್ರೆ ತೂತೂ ಎರಡು ಸಾಲು" ಎಂದಳು ಮೇಡಂ, ಅಷ್ಟೇ ಮೆತ್ತಗೆ. "ಬೇಕಾದ್ರೆ ನೀವೇ ಹಾಕ್ಕೊಂಡು ಇಳಿದು ನೋಡಿ. ಶನಿವಾರ ಬನ್ನಿ. ನಿಮಗೆ ಸರಿಯಾಗೇ ಆಗತ್ತೆ ಸೈಜು."

ರೋಷದಲ್ಲಿ ಅವನು ಹ್ಞೂಂ ಅಂದುಬಿಟ್ಟ. ಅವನಿಗೆ ಬರುತ್ತಿದ್ದ ಈಜು ಎಂದರೆ ಚಿಕ್ಕಂದಿನಲ್ಲಿ ಅತ್ತಿತ್ತ ಕೈ ಬಡಿದದ್ದು, ಅಷ್ಟೇ. ಈಗ ಮೂವತ್ತೆರಡು ವರ್ಷದ ಮಾನ ಹತ್ತಡಿ ನೀರಿನಡಿಯಲ್ಲಿ ಕೂತಿತ್ತು. ಹೋಗಿ ತರಲೇಬೇಕು.

ಶನಿವಾರ ಹೆಂಡತಿಯೂ ಜೊತೆಗೆ ಹೊರಟಳು. ತಾನು ಧೈರ್ಯ ಹೇಳಲು ಬರುತ್ತಿರುವುದಾಗಿ ಹೇಳಿದಳಾದರೂ, ಚೀಲದಲ್ಲಿ ಕುರುಕಲು ತಿಂಡಿ ತುಂಬಿಕೊಂಡದ್ದನ್ನು ನೋಡಿದರೆ ಸಿನಿಮಾಕ್ಕೆ ಹೊರಟಂತಿತ್ತು. ಸೂಟಿನೊಳಗೆ ಅವನನ್ನು ಇಳಿಸಲು ಮೇಡಂ, ಹೆಂಡತಿ, ಕೊಳದ ಕಾವಲುಗಾರ ಮೂವರೂ ಕೈಹಾಕಬೇಕಾಯಿತು. ಜಿಪ್ಪು ಮಾತ್ರ ಒಂದೇ ಎಳೆತಕ್ಕೆ ಬಂತು. "ನೋಡಿದ್ರಾ ಜಿಪ್ಪು!" ಎಂದು ಆ ಸ್ಥಿತಿಯಲ್ಲೂ ಹೇಳಿದ.

ಮೇಡಂ ಕೈಸನ್ನೆಗಳನ್ನು ಹೇಳಿಕೊಟ್ಟಳು. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಎಲ್ಲ ಸರಿಯಿದೆ ಎಂದು. ಹೆಬ್ಬೆರಳು ಮೇಲೆತ್ತಿದರೆ ಮೇಲೆ ಹೋಗೋಣ ಎಂದು. ಆಮೇಲೆ ಕಣ್ಣು ಮೂಗು ಮುಚ್ಚುವ ಮಾಸ್ಕು, ಬಾಯಿಗೆ ಗಾಳಿಯ ಕೊಳವೆ. "ಬಾಯಿಂದ ಉಸಿರಾಡಿ. ಅಷ್ಟೇ ಕೆಲಸ."

ಅದೇ ಆಗಲಿಲ್ಲ. ಎದೆಮಟ್ಟದ ನೀರಿನಲ್ಲಿ ತಲೆ ಮುಳುಗಿಸಿದ, ಮಾಸ್ಕು ಮುಖಕ್ಕೆ ಕಚ್ಚಿಕೊಂಡಿತು, ಕಣ್ಣು ಕೆಂಪಗೆ ಮಾಡಿಕೊಂಡು ಎದ್ದ. ಇನ್ನೊಮ್ಮೆ ಮುಳುಗಿದ, ಎದ್ದ. ಮೂರನೆಯ ಸಲವೂ ಅದೇ. ಹೊಸಬರು ಹೆದರುವುದು ಮೇಡಂಗೆ ಹೊಸದಲ್ಲ. ಆದರೆ ಈ ಮನುಷ್ಯ ಕೊಳವೆಯನ್ನು ಹಲ್ಲಿನಲ್ಲಿ ಭದ್ರವಾಗಿ ಕಚ್ಚಿಕೊಂಡು, ಉಸಿರನ್ನು ಮಾತ್ರ ಮುಚ್ಚಿದ ಮೂಗಿನಿಂದಲೇ ಎಳೆಯಲು ಹೆಣಗುತ್ತಿದ್ದ. ಇದೇನು ಮಾಯೆಯೋ ಆಕೆಗೆ ತಿಳಿಯಲಿಲ್ಲ.

ಬೆಂಚಿನ ಮೇಲಿಂದ ಹೆಂಡತಿ ಕೂಗಿ ಹೇಳಿದಳು. "ಮೇಡಂ, ಅವರ ಬಾಯಲ್ಲಿ ಏನಾದ್ರೂ ಇದ್ರೆ ಬಾಯಿಂದ ಉಸಿರೆಳೆಯಲ್ಲ ಅವರು! ಗುಂಡುಸೂಜಿ ಗಂಟಲಿಗೆ ಹೋಗಿಬಿಟ್ರೆ? ಮೂವತ್ತು ವರ್ಷದ ಅಭ್ಯಾಸ ಅದು!"

ಇಬ್ಬರೂ ಅವಳನ್ನೇ ನೋಡಿದರು. ತನ್ನ ಉಸಿರಿನ ಲೆಕ್ಕ ತನಗೇ ಗೊತ್ತಿಲ್ಲದೆ ಇವಳಿಗೆ ಗೊತ್ತಿದೆಯಲ್ಲ ಎಂದು ಟೈಲರ್‌ಗೆ ಒಂದು ಕ್ಷಣ ಕಸಿವಿಸಿಯಾಯಿತು.

ಮುಂದಿನ ವಾರವಿಡೀ ಅಂಗಡಿಯಲ್ಲಿ ನಡೆದದ್ದನ್ನು ಬೀದಿಯವರು ಇನ್ನೂ ಆಡಿಕೊಳ್ಳುತ್ತಾರೆ. ದಾರ ಮುಗಿದ ಪ್ಲಾಸ್ಟಿಕ್ ರೀಲಿನ ನಡುವೆ ತೂತಿರುತ್ತದಲ್ಲ, ಆ ರೀಲನ್ನು ಹಲ್ಲಿನಲ್ಲಿ ಕಚ್ಚಿ, ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡು, ಅವನು ಮೆಷಿನ್ನು ತುಳಿಯುತ್ತಿದ್ದ. ಉಸಿರು ರೀಲಿನೊಳಗಿಂದ ಸುಂಯ್ ಎಂದು ಹೋಗಿ ಸುಂಯ್ ಎಂದು ಬರುತ್ತಿತ್ತು. ಪ್ಯಾಂಟು ಕೇಳಲು ಬಂದ ಅಂಚೆಯವನು ಬಾಗಿಲಲ್ಲೇ ನಿಂತು, "ಅಕ್ಕ, ಇವರಿಗೆ ಏನಾಯ್ತು?" ಎಂದ. "ಏನಿಲ್ಲಪ್ಪ, ಮಾತು ನಿಂತಿದೆ. ನಾಲ್ಕು ದಿನ ಹಾಯಾಗಿದೀನಿ" ಎಂದಳು ಹೆಂಡತಿ.

ಎರಡನೆಯ ಶನಿವಾರ ಅವನು ಇಳಿದ. ಮೊದಲ ಉಸಿರು ಬಾಯಿಂದಲೇ ಬಂತು. ಎರಡನೆಯದೂ ಬಂತು. ಮೇಡಂ ಕೈ ಹಿಡಿದುಕೊಂಡು ಮೆಲ್ಲಗೆ ಆಳಕ್ಕೆ ಕರೆದೊಯ್ದಳು. ನೆಲದ ನೀಲಿ ಹಂಚುಗಳು ಹತ್ತಿರ ಬಂದವು. ಮೇಲೆ ಬೆಳಕು ರೇಷ್ಮೆ ಬಟ್ಟೆ ಕೊಡವಿದ ಹಾಗೆ ಅಲುಗುತ್ತಿತ್ತು. ಹಳೆಯ ಹೊಲಿಗೆ ಮೆಷಿನ್ನಿನಂಥ ತನ್ನ ಉಸಿರಾಟದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಯಾರೂ ನನ್ನ ಪ್ಯಾಂಟು ಎಲ್ಲಿ ಎಂದು ಕೇಳುತ್ತಿಲ್ಲ. ನಾಳೆ ಬನ್ನಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಮೊಣಕಾಲು ನೋವು ಎಲ್ಲಿ ಹೋಯಿತೋ. ಇಷ್ಟು ದೊಡ್ಡ ಮೈಯನ್ನು ಹೊತ್ತು ತಿರುಗುವ ಕೆಲಸವನ್ನು ನೀರು ತಾನೇ ವಹಿಸಿಕೊಂಡಿತ್ತು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

ಬಂದ ಕೆಲಸ ಮರೆತೇ ಹೋಗಿತ್ತು. ಆಗ ಬೆನ್ನಿಗೆ ತಣ್ಣಗೆ ಏನೋ ತಾಗಿತು. ಜಿಪ್ಪಿನ ಬುಡದಿಂದ ಸಣ್ಣ ಚಳಿಯೊಂದು ಕೆಳಗಿಳಿಯಿತು, ಪಕ್ಕದಲ್ಲೇ ಇನ್ನೊಂದು. ಎರಡು ಸಾಲು. ತನ್ನ ಹೊಲಿಗೆಯ ಅಳತೆ ಅವನಿಗೆ ತಿಳಿಯದೇ? ಕತ್ತು ಬೆಚ್ಚಗೇ ಇತ್ತು.

ಮೇಡಂ ಹೇಗಿದ್ದೀರಿ ಎಂದು ಉಂಗುರದ ಸನ್ನೆ ಮಾಡಿದಳು. ಚಳಿಯನ್ನೂ ಮೀರಿದ ಖುಷಿಯಲ್ಲಿ ಅವನು ಭಲೇ ಭಲೇ ಎಂದು ಹೆಬ್ಬೆರಳು ಎತ್ತಿ ಎತ್ತಿ ತೋರಿಸಿದ. ಆಕೆ ತಕ್ಷಣ ಅವನ ತೋಳು ಹಿಡಿದು ಮೇಲಕ್ಕೆ ಕರೆತಂದಳು.

"ಯಾಕೆ ಕರ್ಕೊಂಡು ಬಂದ್ರಿ?" ಎಂದ, ಬಾಯಿಯ ಕೊಳವೆ ಕಿತ್ತು.

"ನೀವೇ ತಾನೇ ಮೇಲೆ ಹೋಗೋಣ ಅಂದಿದ್ದು!" ಮೇಡಂ ನಕ್ಕಳು. "ಇರಲಿ ಬಿಡಿ. ನೀರು ಬಂತಾ ಬೆನ್ನಿಗೆ?"

ಕತ್ತಿನಿಂದ ಬಂತು ಅಂದಿದ್ದರೆ ಮುಗಿಯುತ್ತಿತ್ತು. ಸೂಟಿನೊಳಗೆ ಇದ್ದವನು ಅವನೊಬ್ಬನೇ. ಬೆಂಚಿನ ಮೇಲೆ ಹೆಂಡತಿಯ ಕೈ ತಿಂಡಿಯ ಪೊಟ್ಟಣದಲ್ಲೇ ನಿಂತಿತ್ತು. ಟೈಲರ್ ಕೊಳದ ಅಂಚು ಹಿಡಿದುಕೊಂಡು ಮೂಗಿನ ನೀರು ಒರೆಸಿಕೊಂಡ.

"ಸೋರತ್ತೆ ಅಮ್ಮ. ನನ್ನ ಹೊಲಿಗೆಯಿಂದಲೇ. ತಪ್ಪು ನಂದು" ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಇನ್ನೊಂದು ಸಲ ಇಳೀಲಾ?" ಎಂದು ಕೇಳಿದ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅವನು ಬಾಗಿದ ಸೂಜಿ, ರಬ್ಬರಿನ ಅಂಟು ಇಟ್ಟುಕೊಂಡು, ಮೇಡಂ ಹೇಳಿಕೊಟ್ಟಂತೆ ಆ ಕಳ್ಳ ಹೊಲಿಗೆಯನ್ನು ಕಲಿಯುತ್ತಾ ಕೂತಿದ್ದ. ಕಲಿಯುತ್ತಲೇ ನೀರಿನಡಿಯ ವರ್ಣನೆಯನ್ನು ಏಳನೆಯ ಸಲ ಶುರುಮಾಡಿದ್ದ. ಹೆಂಡತಿ ಒಳಗಿನಿಂದ ಬಂದು ಮೇಜಿನ ಮೇಲೆ ಒಂದು ಬಟ್ಟೆ ಇಟ್ಟಳು. ನೀಲಿ ಕೋಟು.

"ಇದೂ ವಾಪಸ್" ಎಂದಳು.

ಅವನು ಸೂಜಿ ಕೆಳಗಿಟ್ಟ. ಕೋಟನ್ನು ಎತ್ತಿ ನೋಡಿದ. ಒಂದು ಎಳೆ ಸಡಿಲವಾಗಿರಲಿಲ್ಲ. ಮೊಣಕೈ ಸವೆದಿರಲಿಲ್ಲ. ಕಾಲರಿನಲ್ಲಿ ಮಡಿಕೆಯ ಗುರುತಿನ ಹೊರತು ಮತ್ತೊಂದು ಗುರುತಿರಲಿಲ್ಲ.

"ಹಾಕ್ಕೊಂಡೇ ಇಲ್ವಲ್ಲೇ ಇದನ್ನ ನೀನು!"

"ಎರಡು ಸಲ ಹಾಕ್ಕೊಂಡೆ. ಕಂಕುಳಲ್ಲಿ ಬಿಗಿ. ಕೈ ಎತ್ತಿದ್ರೆ ಭುಜದ ಮೇಲೆ ಹೋಗಲ್ಲ. ಮಿಕ್ಕ ಸಲವೆಲ್ಲ ಕೈಮೇಲೆ ಹಾಕ್ಕೊಂಡು ಓಡಾಡಿದ್ದೇ."

"ಇಪ್ಪತ್ತೊಂಬತ್ತು ವರ್ಷ! ಒಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ಕೇಳ್ತಿದ್ರಾ ರೀ? ನಿನ್ನೆ ಆ ಮೇಡಂಗೆ ತಪ್ಪು ನಂದು ಅಂದ್ರಲ್ಲ, ಆಗ ಅನ್ನಿಸ್ತು, ಈಗ ಹೇಳಬಹುದು ಅಂತ."

ಅವನು ಕೋಟಿನ ಕಂಕುಳಿಗೆ ಬೆರಳು ಹಾಕಿದ. ನೋಡುವುದೇ ಬೇಕಿರಲಿಲ್ಲ. ಎರಡು ಬೆರಳು ಬಟ್ಟೆ ಬಿಡಬೇಕಾದ ಕಡೆ ಬಿಗಿಯಾಗಿ ಎಳೆದು ಎರಡು ಸಾಲು ಹೊಲಿದಿದ್ದ, ಹೊಸ ಹೆಂಡತಿಯ ಮುಂದೆ ಕೈಚಳಕ ತೋರಿಸುವ ಗಡಿಬಿಡಿಯಲ್ಲಿ. ನಾಳೆ ಕೊಡ್ತೀನಿ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದದ್ದನ್ನು ಅಲ್ಲೇ ನುಂಗಿದ. ಮೇಡಂನ ಸೂಟನ್ನು ಪಕ್ಕಕ್ಕೆ ಸರಿಸಿ ಕೋಟಿನ ಹೊಲಿಗೆ ಬಿಚ್ಚಲು ಕೂತ. ಒಳಗೆ ಮಡಚಿಟ್ಟಿದ್ದ ಬಟ್ಟೆಯನ್ನು ಬಿಡಿಸಿ, ಕಂಕುಳು ಸಡಿಲಿಸಿ, ಒಂದೇ ಸಾಲು ಹೊಲಿದ. ಊಟದ ಹೊತ್ತಿಗೆ ಮುಗಿಯಿತು.

ಅವಳಿಗೆ ತಾನೇ ಕೋಟು ತೊಡಿಸಿದ. "ಕೈ ಎತ್ತು ನೋಡೋಣ."

ಅವಳು ಎತ್ತಿದಳು. ಭುಜ ದಾಟಿತು, ಕಿವಿ ದಾಟಿತು, ತಂತಿಯಲ್ಲಿ ತೂಗುತ್ತಿದ್ದ ಪ್ಯಾಂಟುಗಳಿಗೆ ಹೋಗಿ ತಾಗಿತು. ಅಲ್ಲೇ ಅಷ್ಟೆತ್ತರದಲ್ಲಿ ಬೆರಳುಗಳನ್ನು ಸೇರಿಸಿ ಉಂಗುರದ ಸನ್ನೆ ಮಾಡಿ ತೋರಿಸಿದಳು.

ಟೈಲರ್ ಕತ್ತಿನ ಅಳತೆ ಟೇಪನ್ನು ಕೈಗೆ ತೆಗೆದುಕೊಂಡ. "ಮುಂದಿನ ಶನಿವಾರ ನೀನೂ ಇಳಿಯೇ. ಅಲ್ಲಿ ಹೇಗಿರತ್ತೆ ಅಂತ ಬಾಯಲ್ಲಿ ಹೇಳೋಕಾಗಲ್ಲ. ಮೇಡಂ ಹತ್ರ ನಿನ್ನ ಅಳತೆಗೆ ಒಂದು ಸೂಟು ಕೇಳ್ತೀನಿ."

"ಇಳೀತೀನಿ" ಎಂದಳು ಹೆಂಡತಿ, ಕೋಟು ಬಿಚ್ಚದೆಯೇ ಊಟಕ್ಕೆ ಹೊರಡುತ್ತಾ. "ಆದ್ರೆ ನೀವು ಹೊಲಿದ ಸೂಟು ಬೇಡ ಅಂತ ಮೊದಲೇ ಹೇಳಿಬಿಡಿ."