ಮೇಲಿಂದ ಹೊಯ್ದ ಎಣ್ಣೆ

ಜಲಜಾ ಪುಕ್ಕಲು ಹೆಂಗಸು. ಅದನ್ನು ಅವಳೇ ಒಪ್ಪಿಕೊಳ್ಳುತ್ತಿದ್ದಳು. ಮೈಸೂರಿನಿಂದ ಅಮೆರಿಕದ ಸ್ಯಾನ್ ಮಟಿಯೋಗೆ ಬಂದು ನಾಲ್ಕು ವರ್ಷವಾದರೂ ಫ್ರೀವೇ ಕಂಡರೆ ಎದೆ ಡವಡವ, ಫೋನು ಬಡಿದುಕೊಂಡರೆ ಎದೆ ಧಸಕ್. ಗಂಡ ಶೇಷಗಿರಿ ಬೆಳಗ್ಗೆ ಏಳಕ್ಕೆ ಸ್ಯಾನ್ ಹೊಸೆಯ ಆಫೀಸಿಗೆ ಹೊರಟನೆಂದರೆ ಅವಳಿಗೆ ಇದ್ದ ಆಸರೆ ಎದುರು ಬಾಗಿಲಿನ ಲೊರೇನ್ ಒಬ್ಬಳೇ. ಅರವತ್ತು ದಾಟಿದವಳು, ಶಾಲೆಯೊಂದರ ಲೈಬ್ರರಿಯಿಂದ ನಿವೃತ್ತಳಾದ ಒಂಟಿ ಹೆಂಗಸು. ಅವಳ ಇಂಗ್ಲಿಷನ್ನು ಜಲಜಾ ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಕೇಳುತ್ತಿದ್ದಳು. ನಾವೂ ಹಾಗೇ ಕೇಳೋಣ.

ಲೊರೇನಳದು ಒಲೆಯ ದೇವಿ. ಗ್ರೀಕರು ಹೆಸ್ಟಿಯಾ ಅಂದರಂತೆ, ರೋಮಿನವರು ವೆಸ್ಟಾ ಅಂದರಂತೆ. ತಿಂಗಳಿಗೊಮ್ಮೆ ಬರ್ಕ್ಲಿಯಲ್ಲಿ ಐದಾರು ಹೆಂಗಸರು ಸೇರಿ ಆ ಹಳೆಯ ದೇವಿಯರಿಗೆ ಪೂಜೆ ಮಾಡುತ್ತಿದ್ದರು. ಉಳಿದ ದಿನ ಲೊರೇನಳ ಅಡುಗೆಮನೆಯೇ ಗುಡಿ. ಒಲೆಯ ಪಕ್ಕದಲ್ಲಿ ಒಂದು ನೀಲಿ ಗಾಜಿನ ಬಟ್ಟಲು, ಅದರ ತುಂಬ ಆಲಿವ್ ಎಣ್ಣೆ, ಎಣ್ಣೆಯ ಮೇಲೆ ಬೆಂಡಿನ ಬಿಲ್ಲೆ, ಬಿಲ್ಲೆಯ ನಡುವೆ ಬತ್ತಿ. ವಿಗ್ರಹ ಎಲ್ಲಿ ಅಂತ ಜಲಜಾ ಕೇಳಿದಾಗ ಲೊರೇನ್, "ಉರೀತಾ ಇದೆಯಲ್ಲ, ಅದೇ ಅವಳು" ಅಂದಿದ್ದಳು. ಜಲಜಾಳಿಗೆ ಅದನ್ನು ಎರಡನೇ ಸಲ ಕೇಳಬೇಕು ಅನ್ನಿಸಲಿಲ್ಲ. ತನ್ನ ಆಫೀಸಿನವರಿಗೆ ಈ ವಿಷಯ ಹೇಳಿದರೆ ನಗುತ್ತಾರೆ ಅಂತ ಶೇಷಗಿರಿ ಎಚ್ಚರಿಸಿದ್ದ. ನಗುವವರು ನಗಲಿ, ಮನೆಯಲ್ಲಿ ದೀಪ ಹಚ್ಚಿಡುವವಳು ಜಲಜಾಳಿಗೆ ಪರಕೀಯಳಾಗಿ ಕಾಣಲಿಲ್ಲ.

ಎಂಬತ್ತಾರನೆಯ ಇಸವಿಯ ಏಪ್ರಿಲ್‌ನಲ್ಲಿ ಲೊರೇನಳ ಎದೆಯಲ್ಲಿ ಗಂಟು ಕಾಣಿಸಿತು. ಬುಧವಾರ ಆಪರೇಷನ್ನು, ಶನಿವಾರ ಮನೆಗೆ. ಮಂಗಳವಾರ ಹೊರಡುವಾಗ ಅವಳು ಜಲಜಾಳ ಕೈಯಲ್ಲಿ ಬೀಗದ ಕೈ ಇಟ್ಟಳು.

"ಗಂಡ ಬಿಟ್ಟು ಹೋದ ಮೇಲೆ ಈ ಮನೆಗೆ ಬಂದೆನಲ್ಲ, ಆ ದಿನ ಹಚ್ಚಿದ್ದು ಈ ದೀಪ. ಏಳು ವರ್ಷ ಆಯ್ತು, ಒಂದು ಸಲವೂ ಆರಿಲ್ಲ. ಇದು ಉರೀತಾ ಇದ್ರೆ ನಾನು ವಾಪಸ್ ಬರ್ತೀನಿ ಅಂತ ಧೈರ್ಯ. ದಿನಾ ಮಧ್ಯಾಹ್ನದೊಳಗೆ ಎಣ್ಣೆ ಹಾಕು. ಒಂದೇ ಮಾತು, ಗಂಡಸರ ಕೈ ಸೋಕಬಾರದು. ರೋಮಿನಲ್ಲೂ ಈ ಬೆಂಕಿ ಕಾಯ್ತಿದ್ದವರು ಹೆಂಗಸರೇ."

ಜಲಜಾ ಹೂಂ ಅಂದಳು. ಮರುದಿನ ಬೆಳಗ್ಗೆ, ಲೆಕ್ಕಕ್ಕೆ ಇನ್ನೂ ನಾಲ್ಕು ದಿನ ಇರುವಾಗಲೇ, ಹೊರಗಾದಳು.

ತಿಂಗಳ ಆ ಮೂರು ದಿನ ಅವಳು ತನ್ನ ಮನೆಯ ದೇವರ ಗೂಡಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಅಡುಗೆ ಮಾಡುತ್ತಿದ್ದಳು, ಮಂಚದ ಮೇಲೆ ಮಲಗುತ್ತಿದ್ದಳು. ದೀಪ ಮಾತ್ರ ಶೇಷಗಿರಿಯೇ ಹಚ್ಚಬೇಕು. ಅದೊಂದನ್ನಾದರೂ ಉಳಿಸಿಕೊಂಡಿದ್ದೇನೆ ಅನ್ನುವುದು ಅವಳ ಸಮಾಧಾನ.

"ರೀ, ಈಗೇನು ಮಾಡ್ಲಿ?"

ಶೇಷಗಿರಿ ಶೂ ಲೇಸು ಕಟ್ಟುತ್ತಿದ್ದ. "ನಾನೇ ಹೋಗಿ ಎಣ್ಣೆ ಹಾಕಿ ಬರ್ತೀನಿ ಬಿಡೆ. ಎರಡು ನಿಮಿಷದ ಕೆಲಸ."

"ಗಂಡಸರು ಮುಟ್ಟೋ ಹಾಗಿಲ್ವಂತೆ."

"ನೀನೂ ಮುಟ್ಟೋ ಹಾಗಿಲ್ಲ, ನಾನೂ ಮುಟ್ಟೋ ಹಾಗಿಲ್ಲ. ಒಳ್ಳೆ ದೇವ್ರು. ಮೀಟಿಂಗಿದೆ, ಬರ್ತೀನಿ."

ಮೌಂಟನ್ ವ್ಯೂನಲ್ಲಿದ್ದ ಗೆಳತಿ ವಸುಧಾಗೆ ಫೋನು ಮಾಡಿದಳು. ವಸುಧಾ ಡಾಕ್ಟರು, ಡ್ಯೂಟಿ ಬಿಟ್ಟು ಬರುವಂತಿರಲಿಲ್ಲ. "ನಮ್ಮ ಮೈಲಿಗೆ ಅವ್ರ ದೇವ್ರಿಗೆ ತಾಕತ್ತೇನೇ? ಸುಮ್ನೆ ಹಾಕು" ಅಂದಳು. ಅವಳಿಗೇನು, ಹೇಳಿ ಫೋನಿಟ್ಟಳು. ಅಲ್ಲಿ ಒಂದು ಜೀವ ಕತ್ತರಿಯ ಕೆಳಗೆ ಮಲಗಿತ್ತು. ತಾನು ಮುಟ್ಟಿ ಅದಕ್ಕೇನಾದರೂ ಆದರೆ? ಮುಟ್ಟದೆ ದೀಪ ಆರಿಹೋದರೆ? ಜಲಜಾ ಬಾಗಿಲಿಂದ ಬಾಗಿಲಿಗೆ ಓಡಾಡಿದಳು. ಹನ್ನೊಂದೂವರೆಗೆ ನೋಡಿದಾಗ ಬಟ್ಟಲಲ್ಲಿ ಎಣ್ಣೆ ಬೆರಳಗಲವೂ ಉಳಿದಿರಲಿಲ್ಲ.

ಕೊನೆಗೆ ಅವಳಿಗೆ ಹೊಳೆದದ್ದು ಅಜ್ಜಿಯ ಮನೆಯ ಉಪಾಯ. ಹೊರಗಾದವರ ತಟ್ಟೆಗೆ ಅಜ್ಜಿ ಸೋಕದ ಹಾಗೆ ಎತ್ತರದಿಂದ ಸಾರು ಬಿಡುತ್ತಿದ್ದಳು. ಮೇಲಿಂದ ಬಡಿಸಿದರೆ ಮೈಲಿಗೆಯಿಲ್ಲ. ಹಾಗೇ ಮೇಲಿಂದ ಹೊಯ್ದರೆ ತಾನೂ ಮುಟ್ಟಿದ ಹಾಗಾಗುವುದಿಲ್ಲ, ಗಂಡಸರ ಕೈಯೂ ಸೋಕುವುದಿಲ್ಲ. ಜಲಜಾ ಸೆರಗು ಬಿಗಿದು, ಸೀಸೆಯನ್ನು ತಲೆಯ ಮಟ್ಟಕ್ಕೆ ಎತ್ತಿ ಬಗ್ಗಿಸಿದಳು. ಎಣ್ಣೆ ಒಮ್ಮೆಲೇ ದಬದಬ ಸುರಿದು ಬಿಲ್ಲೆಯ ಮೇಲೆ ಬಿತ್ತು. ಬಿಲ್ಲೆ ಮಗುಚಿತು, ಬತ್ತಿ ಮುಳುಗಿತು, ಹೊಗೆಯ ಒಂದೆಳೆ ಎದ್ದು ಹೋಯಿತು.

ಜಲಜಾ ಮೈಲಿಗೆಯನ್ನೆಲ್ಲ ಮರೆತು, ಬಟ್ಟಲಿಗೆ ಬೆರಳು ಹಾಕಿ ಬಿಲ್ಲೆ ತೆಗೆದು, ಹೊಸ ಬತ್ತಿ ಇಟ್ಟು, ಬೆಂಕಿಕಡ್ಡಿ ಗೀರಿದಳು. ಉರಿ ಮೊದಲಿನ ಹಾಗೇ ಕಂಡಿತು. ಆದರೆ ಏಳು ವರ್ಷದ ಬೆಂಕಿ ಇದಲ್ಲ ಅಂತ ಅವಳಿಗೆ ಗೊತ್ತಿತ್ತು. ಮೂರು ದಿನ ಫೋನು ಬಡಿದುಕೊಂಡಾಗಲೆಲ್ಲ ಲೊರೇನ್ ಹೋದಳು ಅನ್ನುವ ಸುದ್ದಿಯೇ ಅಂದುಕೊಂಡಳು.

ಲೊರೇನ್ ಬಂದಳು. ಶನಿವಾರ ಟ್ಯಾಕ್ಸಿ ಇಳಿದು, ಜಲಜಾಳ ತೋಳು ಹಿಡಿದು ನಡೆದು, ದೀಪದ ಮುಂದೆ ನಿಂತು ಅತ್ತಳು. ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಆ ಅಳು ನೋಡಿ ಜಲಜಾಳಿಗೆ ತಡೆಯಲಾಗಲಿಲ್ಲ. ಮುಟ್ಟು, ಮೇಲಿಂದ ಹೊಯ್ದದ್ದು, ಬೆಂಕಿಕಡ್ಡಿ, ಎಲ್ಲವನ್ನೂ ಒಡಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

ಲೊರೇನ್ ಅವಳ ತೋಳು ಬಿಟ್ಟು ಕೈ ಚಾಚಿದಳು. "ಬೀಗದ ಕೈ ಕೊಡು" ಅಂದಳು. ಜಲಜಾ ಕೊಟ್ಟು ಬಂದಳು. ಮೂರು ವಾರ ಎದುರು ಬಾಗಿಲು ತೆರೆಯಲಿಲ್ಲ. ಇದ್ದ ಒಬ್ಬ ಗೆಳತಿಯನ್ನೂ ಕಳೆದುಕೊಂಡೆ ಅಂತ ಜಲಜಾ ಒಳಗೊಳಗೇ ಬೆಂದಳು.

ಒಂದು ಮಧ್ಯಾಹ್ನ ಲೊರೇನಳೇ ಬಂದು ಬಾಗಿಲು ತಟ್ಟಿದಳು. ಇನ್ನಷ್ಟು ಇಳಿದುಹೋಗಿದ್ದಳು. "ಬಾ" ಅಂತ ತನ್ನ ಅಡುಗೆಮನೆಗೆ ಕರೆದೊಯ್ದಳು. ಫೋನಿನ ರಿಸೀವರು ಮೇಜಿನ ಮೇಲೆ ಮಲಗಿತ್ತು, ಆ ಕಡೆ ಯಾರೋ ಕಾಯುತ್ತಿದ್ದರು.

"ಎಲ್ಲಾ ತೆಗೆದಿಲ್ವಂತೆ. ಇನ್ನೊಂದು ಆಪರೇಷನ್ನು, ಸೋಮವಾರವೇ ಆಗ್ಬೇಕು ಅಂತಾರೆ ಡಾಕ್ಟರು. ಎಣಿಸಿ ನೋಡಿದೆ, ಆ ವಾರವೇ ನಿನ್ನ ದಿನ. ಹೋದ ಸಲ ನನ್ನ ದೀಪಕ್ಕೋಸ್ಕರ ನಿನ್ನ ನೇಮ ಮುರೀತು, ಇನ್ನೊಂದು ಸಲ ನಾನು ಮುರಿಸಲ್ಲ. ಹತ್ತು ದಿನ ಮುಂದಕ್ಕೆ ಹಾಕಿ ಅಂತ ಆಸ್ಪತ್ರೆಗೆ ಹೇಳ್ತಾ ಇದೀನಿ. ಆಮೇಲೆ ಆಗತ್ತಲ್ಲ ನಿಂಗೆ?"

ಜಲಜಾ ಮೇಜಿನ ಮೇಲಿದ್ದ ರಿಸೀವರನ್ನು ನೋಡಿದಳು. ಹತ್ತು ದಿನದಲ್ಲಿ ಆ ಗಂಟು ಸುಮ್ಮನಿರುತ್ತದೆಯೇ?

"ಸೋಮವಾರವೇ ಹೋಗಿ," ಅಂದಳು. "ನಾನು ಮುಟ್ಟಿ ಹಾಕ್ತೀನಿ. ಹತ್ತಿರದಿಂದ."

"ಹೆದರಿಕೆ ಆಗಲ್ವಾ?"

"ಆಗತ್ತೆ. ಅವರಿಗೆ ಸೋಮವಾರ ಅಂತ ಹೇಳಿ."